ಹೊರಗೆ ಚಿಲಕವಿದ್ದ ಡಬ್ಬಿ

ಸುಜಾತಾಳನ್ನು ನಾನು ಮೊದಲು ಗಮನಿಸಿದ್ದು ಆಕೆ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆಯಿಂದ. ನನ್ನ ಹೆಸರು ವಾಹಿದಾ. ರಾಯಚೂರಿನ ಕೋರ್ಟಿನಲ್ಲಿ ವಕೀಲೆ. ವಾರಕ್ಕೆ ಎರಡು ದಿನ, ಸ್ಟೇಷನ್ ರಸ್ತೆಯ ಒಂದು ತರಬೇತಿ ಕೇಂದ್ರದಲ್ಲಿ, ಸೆಕ್ಯುರಿಟಿ ಗಾರ್ಡ್ ಆಗಲು ಬಂದವರಿಗೆ ಕಾನೂನಿನ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರಿಗೆ ಪಾಠಕ್ಕಿಂತ ಸಮವಸ್ತ್ರದ ಕಡೆಗೇ ಗಮನ. ಸೆಲ್ಯೂಟ್ ಹೊಡೆಯುವುದನ್ನು ಬೇಗ ಕಲಿಯುತ್ತಾರೆ, ಕಾನೂನನ್ನು ಪರೀಕ್ಷೆಯ ದಿನ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಅವತ್ತು ನಾನು ಬೋರ್ಡಿನ ಮೇಲೆ 'ಕಾವಲುಗಾರರ ಅಧಿಕಾರಗಳು' ಎಂದು ಬರೆದಿದ್ದೆ. ಹಿಂದಿನ ಸಾಲಿನಿಂದ ತೆಳ್ಳಗಿನ, ಎತ್ತರದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಮಗ ಇಲ್ಲದ ಅಧಿಕಾರ ಯಾವ್ಯಾವು ಅದಾವ, ಅವನ್ನ ಮೊದ್ಲು ಹೇಳ್ರಿ."

ತರಗತಿ ನಕ್ಕಿತು. ಅವಳು ನಗಲಿಲ್ಲ. ಮಾನ್ವಿ ತಾಲ್ಲೂಕಿನ ಬಾಗಲವಾಡದವಳು. ತಂದೆ ಇಲ್ಲ. ತಾಯಿ ಸೂಗಮ್ಮ ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಮಗಳನ್ನು ಬಿ.ಎ. ತನಕ ಓದಿಸಿದ್ದಳು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಎರಡರ ನಡುವೆ ಸುಜಾತಾಳ ಪದವಿ ಪ್ರಮಾಣಪತ್ರ ಇದ್ದವು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಎರಡು ಸಲ ಸ್ವಲ್ಪದರಲ್ಲಿ ತಪ್ಪಿದ ಮೇಲೆ ಆಕೆ ಇಲ್ಲಿಗೆ ಬಂದಿದ್ದಳು.

ನಾನು ಬೋರ್ಡು ಒರೆಸಿ, ಅವಳು ಕೇಳಿದಂತೆಯೇ ಶುರು ಮಾಡಿದೆ. ಖಾಸಗಿ ಕಾವಲುಗಾರ ಪೊಲೀಸನಲ್ಲ. ಒಪ್ಪಿಗೆ ಇಲ್ಲದೆ ಯಾರ ಮೈಯನ್ನೂ ತಡಕುವಂತಿಲ್ಲ, ಯಾರ ಆಧಾರ್ ಕಾರ್ಡನ್ನೂ ಕಿತ್ತಿಟ್ಟುಕೊಳ್ಳುವಂತಿಲ್ಲ. ಯಾರನ್ನಾದರೂ ಹಿಡಿಯುವ ವಿಷಯಕ್ಕೆ ಬಂದರೆ, ದಾರಿಯಲ್ಲಿ ಹೋಗುವ ಸಾಮಾನ್ಯ ಮನುಷ್ಯನಿಗೆ ಇರುವಷ್ಟೇ ಹಕ್ಕು ಅವನಿಗೂ ಇದೆ, ಒಂದು ಎಳೆಯೂ ಹೆಚ್ಚಿಲ್ಲ. ಸುಜಾತಾ ಎಲ್ಲವನ್ನೂ ಬರೆದುಕೊಂಡಳು.

ತರಬೇತಿ ಮುಗಿದ ಮೇಲೆ ಏಜೆನ್ಸಿಯವರು ಅವಳನ್ನು ಪಶ್ಚಿಮ ಕರಾವಳಿಯ ಒಂದು ಖಾಸಗಿ ಬಂದರಿಗೆ ಕಳಿಸಿದರು. ಎರಡು ವರ್ಷ ಅಲ್ಲಿದ್ದಳು. ಆಗಾಗ ಫೋನ್ ಮಾಡುತ್ತಿದ್ದಳು. ಸಮುದ್ರದ ಬಗ್ಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಅವಳಿಗೆ ಕುತೂಹಲವಿದ್ದದ್ದು ಗೇಟಿನ ಬಗ್ಗೆ. ಅಲ್ಲಿ ಬಂದರಿನ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತ್ತಂತೆ, ಅದರ ನಕಾಶೆ ಗೇಟಿನ ಗೋಡೆಗೇ ತೂಗುಹಾಕಿತ್ತಂತೆ. ಪಾಸ್ ಇಲ್ಲದವನನ್ನು ಒಳಗೆ ಬಿಡದಿರುವುದು ಅವಳ ಕೆಲಸ. ಚೀಲ ತೋರಿಸಲು ಒಪ್ಪದವನನ್ನು ವಾಪಸು ಕಳಿಸುವುದೂ ಅವಳ ಕೆಲಸ. ಅದರಾಚೆಗೆ ಏನೇ ಇದ್ದರೂ ಕೇಂದ್ರ ಪಡೆಯವರನ್ನೋ ಕಸ್ಟಮ್ಸ್‌ನವರನ್ನೋ ಪೊಲೀಸರನ್ನೋ ಕರೆಯಬೇಕು.

"ಅಷ್ಟ ದೊಡ್ಡ ಹಡಗ ನಿಂತಿರ್ತದ ಮೇಡಂ," ಅಂದಿದ್ದಳು ಒಮ್ಮೆ. "ನಮ್ಮ ಕೈಯಾಗ ಒಂದು ಸೀಟಿ, ಒಂದು ರಿಜಿಸ್ಟರು. ಆದ್ರೂ ಎಲ್ಲಾ ನಡೀತದ. ಯಾಕಂದ್ರ ಯಾರ ಕೆಲ್ಸ ಎಲ್ಲಿಗೆ ಮುಗೀತದ ಅಂತ ಎಲ್ಲಾರಿಗೂ ಗೊತ್ತದ."

2024ರ ಕೊನೆಗೆ ಏಜೆನ್ಸಿ ಅವಳನ್ನು ನಮ್ಮ ಜಿಲ್ಲೆಗೇ ವಾಪಸು ಕರೆಸಿಕೊಂಡಿತು. ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ಒಂದು ಕಂಪನಿ ಹೂಳೆತ್ತುವ ಗುತ್ತಿಗೆ ಹಿಡಿದಿತ್ತು. ಆ ಊರಿನ ಹೆಸರು ಇಲ್ಲಿ ಬೇಡ, ಪ್ರಕರಣ ಇನ್ನೂ ನಡೆಯುತ್ತಿದೆ. ದೋಣಿ ನಿಲ್ಲಿಸಲು ದಂಡೆಗೆ ಕಬ್ಬಿಣದ ಕಟ್ಟೆ ಕಟ್ಟಿದ್ದರು, ಏಳೆಂಟು ಯಂತ್ರದ ದೋಣಿ ತಂದಿದ್ದರು, ಸುತ್ತ ತಂತಿಬೇಲಿ ಹಾಕಿದ್ದರು. ಕಂಪನಿಯವರು ಅದನ್ನು 'ಪೋರ್ಟ್' ಎಂದೇ ಕರೆಯುತ್ತಿದ್ದರು. ಬಂದರಿನ ಅನುಭವ ಇರುವ ಒಬ್ಬ ಹೆಣ್ಣು ಗಾರ್ಡ್ ಬೇಕು ಎಂದು ಕೇಳಿದ್ದರಂತೆ. ತಾಯಿಗೆ ಹತ್ತಿರವಾಗುತ್ತದೆ ಎಂದು ಸುಜಾತಾ ಸಂತೋಷದಿಂದಲೇ ಹೋದಳು.

ಮೊದಲ ದಿನವೇ ಅವಳು ನನಗೆ ಗೇಟಿನ ಬೋರ್ಡಿನ ಫೋಟೊ ಕಳಿಸಿದಳು. 'ನಿರ್ಬಂಧಿತ ಬಂದರು ಪ್ರದೇಶ. ಅನುಮತಿ ಇಲ್ಲದೆ ಪ್ರವೇಶಿಸಿದವರನ್ನು ಬಂಧಿಸಲಾಗುವುದು.' ಕೆಳಗೆ ಯಾವ ಆದೇಶದ ಸಂಖ್ಯೆಯೂ ಇರಲಿಲ್ಲ, ದಿನಾಂಕವೂ ಇರಲಿಲ್ಲ.

"ಬಂಧಿಸೋರು ಯಾರಂತ ಬರದಿಲ್ಲ ಮೇಡಂ," ಅಂದಳು ಫೋನಿನಲ್ಲಿ.

ಅದರ ಜೊತೆಗೆ ಇನ್ನೊಂದು ವಿಷಯ ಹೇಳಿದಳು. ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ, ಹಡಗಿಗೆ ಸಾಮಾನು ತುಂಬುವಂಥ ಹಳೆಯ ಕಂಟೇನರ್ ಒಂದನ್ನು ತಂದಿಟ್ಟಿದ್ದರು. ಕೆಲಸದವರು ಅದಕ್ಕೆ ಡಬ್ಬಿ ಅನ್ನುತ್ತಿದ್ದರು. ಒಳಗೆ ಏನೂ ಇರಲಿಲ್ಲ. ಕಿಟಕಿ ಕೊರೆದಿರಲಿಲ್ಲ. ಆದರೆ ಬಾಗಿಲಿನ ಹೊರಗೆ ಹೊಸದಾಗಿ ಬೆಸುಗೆ ಹಾಕಿದ ಚಿಲಕವಿತ್ತು.

"ಸಾಮಾನಿಲ್ಲ ಸರಂಜಾಮಿಲ್ಲ, ಬೀಗ ಯಾತಕ್ರಿ?" ಎಂದು ಅವಳು ಸೂಪರ್‌ವೈಸರ್ ಉದಯಕುಮಾರನನ್ನು ಕೇಳಿದ್ದಳು.

"ಇರಲಿ ಬಿಡು. ಬೇಕಾಗ್ತದ," ಅಂದಿದ್ದನಂತೆ.

ಉದಯಕುಮಾರ ಒರಟನಲ್ಲ. ಇದನ್ನು ಹೇಳಲೇಬೇಕು. ಸಣ್ಣ ದನಿಯ, ಹಣೆಗೆ ವಿಭೂತಿ ಇಟ್ಟುಕೊಳ್ಳುವ, ಎಲ್ಲರನ್ನೂ 'ರೀ' ಹಚ್ಚಿ ಮಾತಾಡಿಸುವ ಮನುಷ್ಯ. ನನಗೂ ಅವನ ಪರಿಚಯವಿತ್ತು. ಹೊಸ ಕಾನೂನುಗಳು ಜಾರಿಗೆ ಬಂದ ಮೇಲೆ ಏಜೆನ್ಸಿಗಳು ತಮ್ಮ ಸೂಪರ್‌ವೈಸರ್‌ಗಳನ್ನು ಒಂದು ದಿನದ ತರಗತಿಗೆ ಕಳಿಸಿದ್ದವು. ಅವನು ಮುಂದಿನ ಸಾಲಿನಲ್ಲಿ ಕೂತು ಶ್ರದ್ಧೆಯಿಂದ ಕೇಳಿದ್ದ. ಸಾಮಾನ್ಯ ಮನುಷ್ಯ ಯಾವಾಗ ಇನ್ನೊಬ್ಬನನ್ನು ಹಿಡಿಯಬಹುದು ಎಂಬುದನ್ನು ನಾನು ಅವತ್ತು ವಿವರಿಸಿದ್ದೆ. ಕಣ್ಣೆದುರೇ ಜಾಮೀನಿಲ್ಲದ ಘೋರ ಅಪರಾಧ ನಡೆದಿರಬೇಕು, ಹಿಡಿದವನನ್ನು ವಿನಾಕಾರಣ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಹೊಸ ಕಾನೂನಿನಲ್ಲಿ ಅದಕ್ಕೆ ಒಂದು ಮಿತಿಯೂ ಇದೆ, ಆರು ಗಂಟೆಯ ಒಳಗೆ ಒಪ್ಪಿಸಲೇಬೇಕು. ಊಟಕ್ಕೆ ಬಿಡುವ ಹೊತ್ತಾಗಿತ್ತು. ಆರು ಗಂಟೆ ಎಂಬುದನ್ನು ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಮಿಕ್ಕದ್ದನ್ನು ಬಾಯಲ್ಲಿ ಹೇಳಿ ಮುಗಿಸಿದೆ.

ಹೊಳೆಯ ನಡುವೆ ಒಂದು ಗಡ್ಡೆ ಇದೆ. ಮೂವತ್ತು ಮನೆಗಳ ಜನ ಅಲ್ಲಿದ್ದಾರೆ. ಸಂತೆಗೆ, ದವಾಖಾನೆಗೆ, ರೇಷನ್ನಿಗೆ ಅವರು ತೆಪ್ಪದಲ್ಲಿ ಈ ದಂಡೆಗೆ ಬರಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದೇ ದಾಟುತ್ತಾರೆ. ಅವರು ತಲೆತಲಾಂತರದಿಂದ ಇಳಿಯುತ್ತಿದ್ದ ಜಾಗವೇ ಈಗ ಕಂಪನಿಯ ಬೇಲಿಯೊಳಗೆ ಬಂದಿತ್ತು.

ಜನವರಿಯಲ್ಲಿ, ಗಡ್ಡೆಯವರ ಹೆಸರು ಬರೆದುಕೊಂಡು ಒಳಗೆ ಬಿಡಿ ಎಂದು ಕಂಪನಿಯವರು ಹೇಳಿದರು. ಸುಜಾತಾ ಬರೆದಳು. ಫೆಬ್ರುವರಿಯಲ್ಲಿ ಚೀಲ ನೋಡಿ ಬಿಡಿ ಎಂದರು. ಗಡ್ಡೆಯ ಮುದುಕಮ್ಮ ಎಂಬ ಅಜ್ಜಿ ತನ್ನ ರೇಷನ್ ಚೀಲವನ್ನು ತಾನೇ ಬಿಚ್ಚಿ ತೋರಿಸಿ, "ನೋಡವ್ವಾ, ಅಕ್ಕಿ. ನಿನ್ನ ಹೊಳಿ ನಾನು ಒಯ್ದಿಲ್ಲ," ಅಂದಿದ್ದಳಂತೆ. ಮಾರ್ಚಿನಲ್ಲಿ, ಆಧಾರ್ ಕಾರ್ಡು ಇಟ್ಟುಕೊಂಡು ಸಂಜೆ ವಾಪಸು ಹೋಗುವಾಗ ಕೊಡಿ ಎಂದರು. ಅದಕ್ಕೆ ಸುಜಾತಾ ಒಪ್ಪಲಿಲ್ಲ.

"ಇಲ್ಲಿ ಅಧಿಸೂಚನೆ ಎಲ್ಲೈತ್ರಿ ಸರ್? ನಾನಿದ್ದ ಬಂದರದಾಗ ಗೋಡಿಗಿ ಹಚ್ಚಿದ್ರು. ಅಲ್ಲಿ ಸುದ್ದಾ ಕಾರ್ಡ್ ಇಟ್ಕೊಂತಿದ್ದಿಲ್ಲ."

ಉದಯಕುಮಾರ ಮೆಲ್ಲಗೆ ನಕ್ಕನಂತೆ. "ನೀವು ಓದಿದವರು. ಆದ್ರ ಸುಜಾತಾ, ಇಲ್ಲಿ ನೀವು ಗೇಟಿನಾಗ ಇದ್ದೀರಿ. ಹೊಳಿಯಾಗಿಲ್ಲ. ಹೊಳಿ ಕಡಿ ನೋಡಬ್ಯಾಡ್ರಿ."

ಕಾರ್ಡು ಇಸಿದುಕೊಳ್ಳುವ ಕೆಲಸ ಮರುದಿನದಿಂದ ಇನ್ನೊಬ್ಬ ಗಾರ್ಡ್ ಯಲ್ಲಾಲಿಂಗನಿಗೆ ಬಂತು. ಅವನು ಗಿಲ್ಲೆಸುಗೂರಿನವನು, ಮೂವತ್ತರ ಆಸುಪಾಸಿನವನು, ಒಳ್ಳೆಯವನು. ಅವನ ಒಳ್ಳೆಯತನ ಹೆದರಿಕೆಯ ಒಳಗೆ ಮುದುಡಿಕೊಂಡಿತ್ತು ಎಂದು ಸುಜಾತಾ ಹೇಳುತ್ತಾಳೆ.

ಹೊಳೆಯ ಕಡೆ ನೋಡಬೇಡಿ ಎಂದ ಮೇಲೆ ಸುಜಾತಾ ಹೊಳೆಯನ್ನು ನೋಡತೊಡಗಿದಳು. ದೋಣಿಗಳು ಹೂಳು ತೆಗೆಯುತ್ತಿರಲಿಲ್ಲ, ಮರಳು ತೆಗೆಯುತ್ತಿದ್ದವು. ಅದೂ ಜನ ದಾಟುವ ಜಾಗದಲ್ಲೇ. ಮೊಣಕಾಲುದ್ದ ನೀರಿದ್ದ ಕಡೆ ಮೇಲಿನಿಂದ ಅದೇ ಮೊಣಕಾಲುದ್ದದ ನೀರಿನಂತೆಯೇ ಕಾಣುತ್ತಿತ್ತು. ಕೆಳಗೆ ಮಾತ್ರ ನೆಲ ಇರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಗಡ್ಡೆಯವರ ಎಮ್ಮೆಯೊಂದು ಆ ದಾರಿಯಲ್ಲಿ ನಡೆದುಕೊಂಡು ಬರುತ್ತ ಬರುತ್ತ ಮುಳುಗಿಹೋಯಿತು. ಅದು ಕೂಗಲೂ ಇಲ್ಲವಂತೆ. ಸುಜಾತಾ ಗೇಟಿನಿಂದ ನೋಡುತ್ತಿದ್ದಳು. ಇತ್ತು, ಆಮೇಲೆ ಇರಲಿಲ್ಲ.

ಗಡ್ಡೆಯ ಸಿದ್ರಾಮ ಎಂಬ ಮೀನುಗಾರ ಮರುದಿನದಿಂದ ಒಂದು ಕೆಲಸ ಹಚ್ಚಿಕೊಂಡ. ತೆಪ್ಪದಲ್ಲಿ ಬಂದು ಗುಂಡಿ ಇರುವ ಕಡೆಯಲ್ಲೆಲ್ಲ ಬಿದಿರಿನ ಗಳ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಹೆಂಗಸರು, ಮುದುಕರು ಆ ಕಡೆ ಕಾಲಿಡಬಾರದು ಎಂದು. ಬೆಳಿಗ್ಗೆ ನೆಟ್ಟ ಗಳ ಸಂಜೆಗೆ ಇರುತ್ತಿರಲಿಲ್ಲ. ಅವನು ಮತ್ತೆ ನೆಡುತ್ತಿದ್ದ. ಒಂದು ದಿನ ಸುಜಾತಾ ಡಬ್ಬಿಯ ಹಿಂದುಗಡೆ ಹೋದಾಗ ಆ ಗಳಗಳೆಲ್ಲ ಅಲ್ಲಿ ರಾಶಿಯಾಗಿ ಬಿದ್ದಿದ್ದವು. ಕೆಂಪು ಬಟ್ಟೆಗಳನ್ನು ಒಂದೂ ಬಿಡದೆ ಬಿಚ್ಚಿ ಸುಟ್ಟಿದ್ದರು.

ಅವಳು ನನಗೆ ಫೋನ್ ಮಾಡಿದಳು. ನಾನು, ಜಾಗ್ರತೆ, ಎಲ್ಲವನ್ನೂ ಬರೆದಿಡು ಎಂದೆ. ಕೆಲಸ ಬಿಡು ಎಂದೂ ಹೇಳಬಹುದಿತ್ತು, ತಹಸೀಲ್ದಾರರಿಗೆ ನಾನೇ ಒಂದು ಅರ್ಜಿ ಬರೆದುಕೊಡಬಹುದಿತ್ತು. ಆ ವಾರ ನನಗೆ ಬೇರೆ ಕೇಸುಗಳಿದ್ದವು. ಬರೆದಿಡು ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮೇ ತಿಂಗಳ ಎರಡನೆಯ ಗುರುವಾರ. ರಾಯಚೂರಿನ ಬಿಸಿಲು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ, ಬೆಳಿಗ್ಗೆ ಹತ್ತಕ್ಕೇ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸುಜಾತಾ ಗೇಟಿನಲ್ಲಿದ್ದಳು. ಕಟ್ಟೆಯ ಕಡೆಯಿಂದ ಕೂಗಾಟ ಕೇಳಿತು. ಸಿದ್ರಾಮ ತೆಪ್ಪದಲ್ಲಿ ದೋಣಿಗಳ ಹತ್ತಿರಕ್ಕೇ ಬಂದು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದನಂತೆ. ದೋಣಿಯ ಇಬ್ಬರು ಆಳುಗಳು ಅವನನ್ನು ಎಳೆದು ತಂದರು. ಉದಯಕುಮಾರ ಅವರ ಹಿಂದೆ ನಿಧಾನವಾಗಿ ನಡೆದು ಬಂದ. ಸಿದ್ರಾಮನ ಮೊಬೈಲು ಅವನ ಕೈಯಲ್ಲಿತ್ತು.

"ಕೂಡ್ಸ್ರಿ ಒಳಗ," ಅಂದ. ದನಿ ಏರಿಸಲಿಲ್ಲ.

ಆಳುಗಳು ಸಿದ್ರಾಮನನ್ನು ಡಬ್ಬಿಯೊಳಗೆ ತಳ್ಳಿದರು. ಬಾಗಿಲೆಳೆದು ಬೀಗ ಹಾಕಿದ್ದು ಉದಯಕುಮಾರ. ಬೀಗದ ಕೈಯನ್ನು ಯಲ್ಲಾಲಿಂಗನಿಗೆ ಕೊಟ್ಟ. ಹತ್ತು ಗಂಟೆ ಇಪ್ಪತ್ತು ನಿಮಿಷ.

ಸುಜಾತಾ ಓಡಿ ಬಂದಳು. "ಸರ್, ಅವ ಏನ್ ಮಾಡ್ಯಾನ್ರಿ?"

"ಪೋರ್ಟಿನ ಫೋಟೊ ಹೊಡದಾನ. ಸಾಹೇಬರು ಬರ್ತಾರ, ವಿಚಾರಿಸ್ತಾರ."

"ಫೋಟೊ ಹೊಡದ್ರ ಹಿಡಿಯೋ ಹಕ್ಕು ನಮಗಿಲ್ರಿ. ಪೊಲೀಸರ್ನ ಕರೀರಿ."

"ಕರೀತೀನಿ. ಆರು ತಾಸು ಟೈಮ್ ಅದ. ನಿಮ್ಮ ಮೇಡಂ ಹೇಳ್ಯಾರಲ್ಲ? ನಾನೂ ಕೇಳೀನಿ ಅವ್ರ ಪಾಠ. ಇನ್ನೂ ಐದು ನಿಮಿಷ ಸೈತ ಆಗಿಲ್ಲ."

ಹೀಗೆ ಹೇಳಿ ಅವನು ತನ್ನ ಆಫೀಸಿನ ಕೋಣೆಗೆ ಹೋದ. ಅಲ್ಲಿ ಕೂಲರ್ ಇತ್ತು. ಹೋಗುವಾಗ, ರಿಜಿಸ್ಟರಿನಲ್ಲಿ ಏನೂ ಬರೆಯಬೇಡಿ ಎಂದ.

ಸುಜಾತಾ ಬರೆದಳು. ಸಮಯ, ಸಿದ್ರಾಮನ ಹೆಸರು, ಡಬ್ಬಿಯಲ್ಲಿ ಕೂಡಿಹಾಕಲಾಗಿದೆ ಎಂಬ ಮಾತು. ಅದಕ್ಕೆ ಸಹಿ ಹಾಕಿದಳು. ಪುಟದ ಫೋಟೊ ತೆಗೆದು ನನಗೆ ಕಳಿಸಿದಳು. ನಾನು ಕೋರ್ಟ್ ಹಾಲಿನಲ್ಲಿದ್ದೆ. ಮೊಬೈಲು ಕರಿಕೋಟಿನ ಜೇಬಿನಲ್ಲಿ, ಸದ್ದಿಲ್ಲದೆ. ನಾನು ಅದನ್ನು ನೋಡಿದಾಗ ಹನ್ನೊಂದೂ ಮುಕ್ಕಾಲು.

ಹೊರಗೆ ಬಂದು ಫೋನ್ ಮಾಡಿದೆ. ಆಕೆಯ ದನಿಯ ಹಿಂದೆ ಇನ್ನೊಂದು ಸದ್ದು ಕೇಳುತ್ತಿತ್ತು. ಕಬ್ಬಿಣದ ತಗಡಿಗೆ ಅಂಗೈ ಬಡಿಯುವ ಸದ್ದು.

"ಅವನೇ ಮೇಡಂ. ಒಂದೇ ಸವನ ಬಡೀಲಾಕತ್ಯಾನ. ನೀರು ಕೇಳಾಕತ್ಯಾನ. ಒಳಗ ಕೊಡೂಣಂದ್ರ ಸಂದು ಸೈತ ಇಲ್ಲ."

ಪೊಲೀಸರ ತುರ್ತು ನಂಬರು ನೂರಾ ಹನ್ನೆರಡಕ್ಕೆ ಕರೆ ಮಾಡು ಎಂದೆ. ಆಗಲೇ ಮಾಡಿದ್ದಳು. ಗಾಡಿ ಬೇರೊಂದು ಊರಿನ ಅಪಘಾತಕ್ಕೆ ಹೋಗಿದೆ, ಬರುತ್ತದೆ ಎಂದಿದ್ದರಂತೆ. ನಾನೂ ಕರೆ ಮಾಡಿದೆ. ಉದಯಕುಮಾರನಿಗೂ ಮಾಡಿದೆ. ಅವನು ಗೌರವದಿಂದಲೇ ಮಾತಾಡಿದ.

"ನಮಸ್ಕಾರ್ರೀ ಮೇಡಂ. ಎಲ್ಲಾ ಕಾಯ್ದೆ ಪ್ರಕಾರನ ನಡದದ. ನಾಲ್ಕೂ ಇಪ್ಪತ್ತರ ಒಳಗ ಒಪ್ಪಸ್ತೀವಿ."

"ಉದಯಕುಮಾರ್, ಅದು ಘೋರ ಅಪರಾಧ ಮಾಡಿದವನಿಗೆ. ಇವನು ಏನೂ ಮಾಡಿಲ್ಲ. ಮಾಡಿದ್ರೂ ತಡ ಮಾಡಬಾರದು ಅಂತ ಮೊದ್ಲು ಅದ. ಆರು ತಾಸು ಇಟ್ಕೋಬಹುದು ಅಂತ ನಾ ಹೇಳಿಲ್ಲ."

"ಬೋರ್ಡಿನ ಮ್ಯಾಲೆ ಬರದಿದ್ರಿ ಮೇಡಂ," ಅಂದ. ಫೋನ್ ಇಟ್ಟುಬಿಟ್ಟ.

ಕೋರ್ಟಿನ ವರಾಂಡದಲ್ಲಿ, ಬೇವಿನ ಮರದ ನೆರಳಿನಲ್ಲಿ ನಿಂತಿದ್ದರೂ ನನ್ನ ಬೆನ್ನು ಒದ್ದೆಯಾಗಿತ್ತು. ಆ ಡಬ್ಬಿಯ ಒಳಗೆ ಎಷ್ಟು ಶಾಖ ಇರಬಹುದು ಎಂದು ಯೋಚಿಸಲು ಹೋದೆ. ಬಿಟ್ಟೆ. ಜೂನಿಯರ್‌ಗೆ ಕೇಸುಗಳ ಕಡತ ಕೊಟ್ಟು ಕಾರು ಹತ್ತಿದೆ. ಅಲ್ಲಿಗೆ ಒಂದೂವರೆ ತಾಸಿನ ದಾರಿ.

ಕಲ್ಮಲಾ ದಾಟುವಾಗ ಸುಜಾತಾ ಮತ್ತೆ ಫೋನ್ ಮಾಡಿದಳು. ಈ ಸಲ ಅವಳ ದನಿಯ ಹಿಂದೆ ಏನೂ ಕೇಳಲಿಲ್ಲ.

"ಮೇಡಂ, ಬಡಿಯೋದು ನಿಂತದ."

"ಬೀಗದ ಕೈ ಯಾರ ಹತ್ರ ಅದ?"

"ಯಲ್ಲಾಲಿಂಗನ ಹತ್ರ."

"ತೆಗಿ. ಯಾರಿಗೂ ಕೇಳಬ್ಯಾಡ. ತೆಗಿ."

ಮುಂದೆ ನಡೆದದ್ದನ್ನು ಅವಳು ಆಮೇಲೆ ನನಗೆ ಹೇಳಿದಳು, ಪೊಲೀಸರಿಗೆ ಹೇಳಿದಳು, ಕೋರ್ಟಿನಲ್ಲಿಯೂ ಹೇಳಿದಳು. ಎಲ್ಲ ಕಡೆಯೂ ಒಂದೇ ರೀತಿ ಹೇಳಿದಳು.

ಯಲ್ಲಾಲಿಂಗ ಜಾಲಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಡಬ್ಬಿಗೆ ಬೆನ್ನು ಮಾಡಿ ಕೂತಿದ್ದ. ಕೈಯನ್ನು ಮುಷ್ಟಿ ಮಾಡಿಕೊಂಡಿದ್ದ.

"ಕೀ ಕೊಡೋ ಯಲ್ಲಾಲಿಂಗ."

"ಅಕ್ಕಾ, ನನ್ನ ಕೆಲ್ಸ ಹೋಗ್ತದ."

"ಅವ ಸತ್ತನಂದ್ರ ಕೀ ಯಾರ ಕಡಿ ಇತ್ತು ಅಂತ ಕೇಳ್ತಾರ. ಸಾಹೇಬರ್ನ ಕೇಳಾಂಗಿಲ್ಲ."

ಅವನು ಮುಷ್ಟಿ ಬಿಚ್ಚಲಿಲ್ಲ. ಎದ್ದು ನಿಂತ. ಆಫೀಸಿನ ಕಡೆ ನೋಡಿದ. ಆಮೇಲೆ ಬೀಗದ ಕೈಯನ್ನು ಕುರ್ಚಿಯ ಮೇಲೆ ಇಟ್ಟು, ಪಾಯಖಾನೆಯ ಕಡೆ ನಡೆದುಹೋದ. ಹಿಂತಿರುಗಿ ನೋಡಲಿಲ್ಲ.

ಬೀಗ ಕಾದ ಹೆಂಚಿನಂತಿತ್ತು. ಅವಳು ಬಿಸಿಲಿಗೆಂದು ತಲೆಗೆ ಕಟ್ಟಿದ್ದ ಓಢಣಿಯ ಅಂಚನ್ನು ಕೈಗೆ ಸುತ್ತಿಕೊಂಡು ತೆಗೆದಳು. ಬಾಗಿಲು ತೆರೆದಾಗ ಒಳಗಿನ ಗಾಳಿ ಮುಖಕ್ಕೆ ಹೊಡೆದು, ಕಣ್ಣು ಮುಚ್ಚುವಂತಾಯಿತಂತೆ. ಸಿದ್ರಾಮ ಬಾಗಿಲ ಹತ್ತಿರವೇ ಬಿದ್ದಿದ್ದ. ಅಂಗಿ ಬಿಚ್ಚಿ ಅಂಗಾಲಿನ ಕೆಳಗೆ ಹಾಸಿಕೊಂಡಿದ್ದ, ನೆಲ ಅಷ್ಟು ಸುಡುತ್ತಿತ್ತು. ಅಂಗೈಗಳ ಚರ್ಮ ಎದ್ದಿತ್ತು. ಮೈ ಒಣಗಿತ್ತು, ಒಂದು ಹನಿ ಬೆವರೂ ಇರಲಿಲ್ಲ. ಕಣ್ಣುಗಳು ಅರ್ಧ ತೆರೆದಿದ್ದವು, ಒಂದು ಗಳಿಗೆ ಅವಳ ಮುಖದ ಮೇಲೆ ನಿಂತು ಜಾರಿದವು.

ಕಂಕುಳಿಗೆ ಕೈ ಹಾಕಿ ಜಾಲಿ ಮರದ ನೆರಳಿಗೆ ಎಳೆದಳು. ಗಾರ್ಡುಗಳ ಕುಡಿಯುವ ನೀರಿನ ಕ್ಯಾನನ್ನು ಪೂರ್ತಿ ಅವನ ಮೈಮೇಲೆ ಸುರಿದಳು. ತುಟಿಗೆ ನೀರು ಸವರಿದಳು. ಅಷ್ಟರಲ್ಲಿ ಉದಯಕುಮಾರ ಕೋಣೆಯಿಂದ ಹೊರಗೆ ಬಂದ.

"ಯಾರ್ನ ಕೇಳಿ ತೆಗದಿ? ತೆಗಿಯಾಕ ನಿನಗ ಯಾವ ಅಧಿಕಾರ ಅದ?" ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಮಾತಾಡಿಸಿದ.

"ಅಧಿಕಾರ ಇಲ್ರಿ," ಅಂದಳು ಸುಜಾತಾ, ಸಿದ್ರಾಮನ ತಲೆಯನ್ನು ತೊಡೆಯಿಂದ ಇಳಿಸದೆ. "ಕೂಡಿಹಾಕಾಕ ಬೇಕಿತ್ತು ಅಧಿಕಾರ. ತೆಗಿಯಾಕ ಏನೂ ಬೇಕಾಗಿಲ್ಲ."

 ಅವನು ಗೇಟಿನ ಕಡೆ ಹೋಗಿ, ಮೇಜಿನ ಮೇಲಿದ್ದ ರಿಜಿಸ್ಟರನ್ನು ಎತ್ತಿಕೊಂಡು ಒಂದೊಂದೇ ಪುಟ ತಿರುವಿದ. ಅವಳು ಬರೆದದ್ದನ್ನು ಓದಿದ. ಹರಿಯಲಿಲ್ಲ. ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡ. ಹರಿಯದೆ ಯಾಕೆ ಇಟ್ಟುಕೊಂಡ ಎಂದು ಸುಜಾತಾಳಿಗೆ ಆಗ ಹೊಳೆಯಲಿಲ್ಲ.

ನಾನು ತಲುಪಿದಾಗ ಪೊಲೀಸ್ ಗಾಡಿ ಬಂದು ಹತ್ತು ನಿಮಿಷವಾಗಿತ್ತು. ಸಿದ್ರಾಮನನ್ನು ಅದೇ ಗಾಡಿಯಲ್ಲಿ ದೇವದುರ್ಗದ ಆಸ್ಪತ್ರೆಗೆ, ಅಲ್ಲಿಂದ ರಾಯಚೂರಿಗೆ ಒಯ್ದರು. ಹನ್ನೊಂದು ದಿನ ಅವನಿಗೆ ಪೂರ್ತಿ ಎಚ್ಚರ ಬರಲಿಲ್ಲ. ಹೆಂಡತಿ ನೀಲಗಂಗಮ್ಮ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿರುತ್ತಿದ್ದಳು.

ಆ ಹನ್ನೊಂದು ದಿನದಲ್ಲಿ ಕಂಪನಿ ತನ್ನ ಹೇಳಿಕೆ ಕೊಟ್ಟಿತು. ಸೂಪರ್‌ವೈಸರ್‌ಗೆ ವಿಷಯವೇ ಗೊತ್ತಿರಲಿಲ್ಲ. ಗೇಟಿನ ಹೆಣ್ಣು ಗಾರ್ಡ್ ತಾನಾಗಿಯೇ ಒಬ್ಬನನ್ನು ಕೂಡಿಹಾಕಿದಳು, ಹೆದರಿ ತಾನೇ ಬಿಟ್ಟಳು. ಪುರಾವೆಗೆ ರಿಜಿಸ್ಟರ್. 'ಹತ್ತು ಇಪ್ಪತ್ತಕ್ಕೆ ಡಬ್ಬಿಯಲ್ಲಿ ಕೂಡಿಹಾಕಲಾಗಿದೆ.' ಯಾರು ಕೂಡಿಹಾಕಿದರು ಎಂದು ಆ ಅವಸರದಲ್ಲಿ ಅವಳು ಬರೆದಿರಲಿಲ್ಲ. ಕೆಳಗೆ ಇದ್ದದ್ದು ಅವಳ ಸಹಿ. ಬೀಗ ತೆಗೆದದ್ದೂ ಅವಳೇ. ನಾನು ಉದಯಕುಮಾರನಿಗೆ ಕರೆ ಮಾಡಿದ್ದಕ್ಕೆ ದಾಖಲೆ ಇತ್ತು, ಅವನು ಆಡಿದ ಮಾತಿಗೆ ಇರಲಿಲ್ಲ.

ಪ್ರಕರಣದಲ್ಲಿ ಸುಜಾತಾ ಎರಡನೆಯ ಆರೋಪಿಯಾದಳು.

ಅದನ್ನು ಹೇಳಲು ನಾನೇ ಬಾಗಲವಾಡಕ್ಕೆ ಹೋದೆ. ಸೂಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿಕೊಂಡಳು, ಬಡಿಯುವುದನ್ನು ನಿಲ್ಲಿಸಲಿಲ್ಲ. ತವಾದ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು.

"ಬರದಿದ್ದು ಖರೇನ ಐತೇನ್ರಿ ಅಮ್ಮಾ?"

"ಖರೇ ಅದ ಯವ್ವಾ."

"ಹಂಗಾರ ಯಾಕ ಹಿಡದಾರ?"

 ಸುಜಾತಾ ಮೂಲೆಯಲ್ಲಿ ಕೂತು ಸಮವಸ್ತ್ರವನ್ನು ಮಡಿಚುತ್ತಿದ್ದಳು. ಅದನ್ನು ಏಜೆನ್ಸಿಗೆ ವಾಪಸು ಕೊಡಬೇಕಿತ್ತು.

ನಾನು ಅವಳ ಜೊತೆ ಫೋನಿನಲ್ಲಿದ್ದವಳಾದ್ದರಿಂದ ನಾನೂ ಸಾಕ್ಷಿಯಾಗುತ್ತಿದ್ದೆ, ಅವಳ ವಕಾಲತ್ತು ಹಾಕುವಂತಿರಲಿಲ್ಲ. ಗೆಳತಿಯೊಬ್ಬಳಿಗೆ ಒಪ್ಪಿಸಿದೆ. ನಿರೀಕ್ಷಣಾ ಜಾಮೀನು ಸಿಕ್ಕಿತು. ನಮ್ಮ ಆಸೆಯೆಲ್ಲ ಯಲ್ಲಾಲಿಂಗನ ಮೇಲಿತ್ತು. ದೋಣಿಯ ಆಳುಗಳು ಕಂಪನಿಯವರು, ಬಾಯಿ ಬಿಡುವವರಲ್ಲ. ಬೀಗ ಹಾಕಿದ್ದನ್ನು ಹತ್ತಿರದಿಂದ ಕಂಡ ಗಾರ್ಡ್ ಅವನೊಬ್ಬನೇ. ನಾನು ಗಿಲ್ಲೆಸುಗೂರಿಗೆ ಹೋದಾಗ ಅವನ ಮನೆಗೆ ಬೀಗ ಬಿದ್ದಿತ್ತು. ಪಕ್ಕದವರು, ಜೀಪಿನಲ್ಲಿ ಯಾರೋ ಎರಡು ಸಲ ಬಂದಿದ್ದರು, ಆಮೇಲೆ ಅವನಿಗೆ ದೂರದ ಸಮುದ್ರದ ಬಂದರಿನಲ್ಲಿ ದೊಡ್ಡ ನೌಕರಿ ಸಿಕ್ಕಿತಂತೆ, ಸಂಸಾರ ಸಮೇತ ಹೋದ ಎಂದರು. ಯಾವ ಬಂದರು ಎಂದು ಯಾರಿಗೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಾಗಿಲ್ಲ.

ಸಿದ್ರಾಮನ ಮಾತು ಮರಳಲು ಜೂನ್ ಮುಗಿಯಿತು. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಮಾತು ಮೊದಲಿನಂತಿಲ್ಲ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಹುಡುಕಾಡುತ್ತಾನೆ. ಮ್ಯಾಜಿಸ್ಟ್ರೇಟರ ಮುಂದೆ ಅವನು ಹೇಳಿಕೆ ಕೊಡುವ ದಿನ ನೀಲಗಂಗಮ್ಮ ಹೊರಗೆ ನನ್ನ ಪಕ್ಕ ನಿಂತಿದ್ದಳು.

"ನೆನಪು ಭಾಳ ಹೋಗ್ಯದ್ರಿ ಅವಂಗ," ಅಂದಳು. "ಎಮ್ಮಿ ಮುಳುಗಿದ್ದು ನೆನಪಿಲ್ಲ. ಆದ್ರ ಬಾಗಲಾ ಹಾಕಿದಾತನ ಮಾರಿ ನೆನಪದ ಅಂತಾನ."

ಅವನು ಮುಕ್ಕಾಲು ತಾಸು ತೆಗೆದುಕೊಂಡು, ನಾಲ್ಕು ಸಾಲು ಹೇಳಿದನಂತೆ. ವಿಭೂತಿ ಹಚ್ಚಿದವನು ಬಾಗಿಲು ಹಾಕಿದ. ಹೆಣ್ಣುಮಗಳು ತೆಗೆದಳು. ಆ ನಾಲ್ಕು ಸಾಲಿನ ಆಧಾರದ ಮೇಲೆ ಸೆಪ್ಟೆಂಬರಿನ ಆರೋಪಪಟ್ಟಿಯಲ್ಲಿ ಸುಜಾತಾಳ ಹೆಸರು ಆರೋಪಿಗಳ ಸಾಲಿನಿಂದ ಸಾಕ್ಷಿಗಳ ಸಾಲಿಗೆ ಬಂತು. ಉದಯಕುಮಾರ ಮೊದಲನೆಯ ಆರೋಪಿ, ಜಾಮೀನಿನ ಮೇಲಿದ್ದಾನೆ. ಸಾಹೇಬರು ಯಾರೆಂದು ಅವನು ಇನ್ನೂ ಹೇಳಿಲ್ಲ. ಸಿದ್ರಾಮನ ಮೊಬೈಲು ಸಿಕ್ಕಿಲ್ಲ.

ಕೃಷ್ಣೆಯಲ್ಲಿ ದೋಣಿಗಳು ನಲವತ್ತು ದಿನ ನಿಂತಿದ್ದವು. ಹೊಳೆ ತುಂಬಿ ಇಳಿದ ಮೇಲೆ ಮತ್ತೆ ಬಂದವು. ಬೇರೆ ಬಣ್ಣ ಹೊಡೆದಿದ್ದರು. ಗೇಟಿನ ಬೋರ್ಡಿನಲ್ಲಿ ಬೇರೆ ಕಂಪನಿಯ ಹೆಸರಿದೆ. ಮುದುಕಮ್ಮ ಈಗ ಈ ದಂಡೆಗೆ ಬರುವುದನ್ನೇ ಬಿಟ್ಟಿದ್ದಾಳಂತೆ, ರೇಷನ್ ಬೇರೆಯವರು ತಂದುಕೊಡುತ್ತಾರೆ. ನಾನು ಅರ್ಜಿ ಬರೆದೆ, ತಡವಾಗಿ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ತರಗತಿಯಲ್ಲಿ ಈಗ ನಾನು ಬೋರ್ಡಿನ ಮೇಲೆ ಅಂಕಿಗಳನ್ನು ಬರೆಯುವುದಿಲ್ಲ.

ಸುಜಾತಾ ಮಾನ್ವಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಾವಲಿಗಿದ್ದಾಳೆ. ಕಾವಲಿನ ಕೆಲಸ ಬೇಡ, ಟೈಪಿಂಗ್ ಕಲಿ, ನನ್ನ ಆಫೀಸಿಗೇ ಬಾ ಎಂದು ಕರೆದಿದ್ದೆ. "ನನಗ ಬರೋ ಕೆಲ್ಸ ಇದು ಮೇಡಂ. ಯಾಕ ಬಿಡಲಿ?" ಅಂದಳು.

ಈ ವರ್ಷ ಫೆಬ್ರುವರಿಯಲ್ಲಿ ದೇವದುರ್ಗದ ಕೋರ್ಟಿನಲ್ಲಿ ಅವಳ ಸಾಕ್ಷ್ಯ ನಡೆಯಿತು. ಅದಕ್ಕೆ ನಾಲ್ಕು ದಿನ ಮೊದಲು, ಪರಿಚಯವಿಲ್ಲದ ಒಬ್ಬ ಬಾಗಲವಾಡಕ್ಕೆ ಬಂದು ಸೂಗಮ್ಮನ ಹತ್ತಿರ ನೀರು ಕೇಳಿ ಕುಡಿದಿದ್ದ. ಮಗಳು ಹೇಗಿದ್ದಾಳೆ, ಎಷ್ಟಕ್ಕೆ ಡ್ಯೂಟಿ, ಯಾವ ಬಸ್ಸಿಗೆ ಹೋಗುತ್ತಾಳೆ ಎಂದು ವಿಚಾರಿಸಿ, ಚೊಂಬು ತೊಳೆದಿಟ್ಟು ಹೋಗಿದ್ದ. ನಾವು ಪೊಲೀಸರಿಗೆ ಬರೆದು ಕೊಟ್ಟೆವು. ಅಪರಿಚಿತನೊಬ್ಬ ನೀರು ಕುಡಿದು ಹೋದದ್ದು ಅಪರಾಧವಲ್ಲ ಎಂದು ನನಗೂ ಗೊತ್ತಿತ್ತು.

ಅವಳು ಎರಡೂಕಾಲು ತಾಸು ಕಟಕಟೆಯಲ್ಲಿ ನಿಂತಳು. ಎದುರು ವಕೀಲರು ರಿಜಿಸ್ಟರಿನ ಪುಟವನ್ನು ಅವಳ ಮುಂದೆ ಹಿಡಿದು, ಇದು ನಿಮ್ಮ ಕೈಬರಹವೇ ಎಂದು ಏಳು ಸಲ ಕೇಳಿದರು. ಏಳು ಸಲವೂ ಹೌದು ಎಂದಳು. ಉದಯಕುಮಾರ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಹೊರಗೆ ಬರುವಾಗ ನನಗೆ ಕೈಮುಗಿದ.

ಬಸ್ ನಿಲ್ದಾಣದವರೆಗೆ ನಾನು ಅವಳನ್ನು ಬಿಡಲು ಹೋದೆ. ನನ್ನ ಕಾರಿನಲ್ಲೇ ಮಾನ್ವಿಗೆ ಬಿಡುತ್ತೇನೆ ಎಂದೆ.

"ಇವತ್ತು ಬಿಡ್ತೀರಿ ಮೇಡಂ. ಇನ್ನೂ ಎಷ್ಟು ತಾರೀಖು ಅದಾವ. ದಿನಾ ಬಿಡ್ತೀರೇನು?" ಎಂದು ಸಿರವಾರದ ಮೇಲೆ ಹೋಗುವ ಮಾನ್ವಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಳು.

ಬಸ್ಸು ಹೊರಡುವಷ್ಟರಲ್ಲಿ ಇಬ್ಬರು ಹಿಂದಿನ ಬಾಗಿಲಿನಿಂದ ಹತ್ತಿದರು. ಬೆಳಗಿನಿಂದ ಅವರನ್ನು ಕೋರ್ಟಿನ ವರಾಂಡದಲ್ಲಿ ನೋಡಿದ್ದೆ, ಯಾವ ಕೇಸಿಗೂ ಒಳಗೆ ಬಂದಿರಲಿಲ್ಲ. ನಾನು ಕೂಗಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಫೋನ್ ಮಾಡುತ್ತ ಕಾರು ಹತ್ತಿ ಹಿಂದೆಯೇ ಹೊರಟೆ. ಮೂರನೆಯ ಸಲಕ್ಕೆ ಎತ್ತಿದಳು.

"ನೋಡೀನಿ ಮೇಡಂ," ಅಂದಳು. ದನಿ ಸಣ್ಣಗಿತ್ತು. "ನನ್ನ ಹಿಂದಿನ ಸೀಟಿನಾಗ ಕುಂತಾರ. ಕಂಡಕ್ಟರ್‌ಗೆ ಹೇಳೀನಿ. ಡ್ರೈವರ್ ಹಿಂದ ಹೆಣ್ಮಕ್ಕಳ ನಡು ಜಾಗ ಮಾಡಿ ಕೊಡಾಕತ್ಯಾರ."

ಸಿರವಾರದಲ್ಲಿ ಅವರಿಬ್ಬರೂ ಇಳಿದರು. ನಾನು ರಸ್ತೆಯ ಆಚೆ ಕಾರು ನಿಲ್ಲಿಸಿ ನೋಡುತ್ತಿದ್ದೆ. ಅವರು ಚಹಾದಂಗಡಿಗೆ ಹೋಗಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅದನ್ನೇ ನೋಡುತ್ತ ನಿಂತಿದ್ದರು. ಅವರಲ್ಲೊಬ್ಬ ಫೋನ್ ತೆಗೆದು ಕಿವಿಗೆ ಹಿಡಿದ.

ಐದೂ ನಲವತ್ತಕ್ಕೆ ಸುಜಾತಾ ಹಾಸ್ಟೆಲ್ ತಲುಪಿದಳು. ನಾನು ಗೇಟಿನವರೆಗೂ ಹೋಗಿ ನೋಡಿಯೇ ಬಂದೆ. ಅವಳ ಪಾಟೀಸವಾಲು ಇನ್ನೂ ಮುಗಿದಿಲ್ಲ, ಮುಂದಿನ ತಾರೀಖು ಏಪ್ರಿಲ್ ಹದಿನಾರು.